ಬಟ್ಟಲಿಗೆ ಬಿದ್ದ ಬಿಳಿ ಗುಂಡಿ

ಗಡಿಯಾರ ರಿಪೇರಿಯವನ ಮನೆಯಲ್ಲಿ ಮುಂದಿನ ಕೋಣೆಯೇ ಅಂಗಡಿ. ಗಾಜಿನ ಕಿಟಕಿಯ ಕೆಳಗೆ ಕೆಲಸದ ಮೇಜು, ಅದರ ಮೇಲೆ ಚಿಮಟ, ಭೂತಗನ್ನಡಿ, ತಿರುಪುಗಳ ಡಬ್ಬಿ. ಕೈಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಕಾರಿನ ರಿಮೋಟುಗಳಿಗೂ ಹೊಸ ಸೆಲ್ ಹಾಕಿಕೊಡುತ್ತಿದ್ದ. ಒಳಗಿನ ಎರಡು ಕೋಣೆಗಳಲ್ಲಿ ತಾಯಿ, ಹೆಂಡತಿ ಮತ್ತು ಪುಟ್ಟ ಮಗಳು. ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಪಟಾಕಿ’ ಎಂದು. ಎದ್ದ ಗಳಿಗೆಯಿಂದ ಬಾಯಿ ಮುಚ್ಚದ ಹುಡುಗಿ. ಗಿರಾಕಿಗಳು ಗಡಿಯಾರ ಕೊಟ್ಟು ಹೋಗಲು ಬಂದವರು ಅವಳ ಕೈಗೆ ಸಿಕ್ಕಿ ಅರ್ಧ ಗಂಟೆ ಕೂರುತ್ತಿದ್ದರು.

ಆದರೆ ಆ ಮನೆಯಲ್ಲಿ ನಡೆಯುತ್ತಿದ್ದ ಮಾತು ತಾಯಿಯದು. ಗಂಡನಿಲ್ಲದೆ ಕಷ್ಟಪಟ್ಟು ಮಗನನ್ನು ಸಾಕಿದವರು. ಅಮ್ಮ ಹಾಕಿದ ಗೆರೆಯನ್ನು ಅವನು ಎಂದೂ ದಾಟಿದವನಲ್ಲ. ಊರು ಇದನ್ನು ಮೆಚ್ಚುತ್ತಿತ್ತು, ಅವನೂ ಮೆಚ್ಚಿಕೊಂಡಿದ್ದ.

ಒಂದು ಮಧ್ಯಾಹ್ನ ಪಟಾಕಿ ಕುತ್ತಿಗೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮಾತಿಲ್ಲ. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

“ಗುಂಡಿ ನುಂಗಿದಾಳೆ. ಬೆಳಿಗ್ಗೆ ನನ್ನ ಹೊಲಿಗೆ ಡಬ್ಬೀನೆಲ್ಲ ಹರವಿಕೊಂಡಿದ್ಲು” ಎಂದು ತಾಯಿ ತೀರ್ಪು ಕೊಟ್ಟೇಬಿಟ್ಟರು. ಬಾಳೆಹಣ್ಣು ಮುರಿದು ಬಾಯಿಗೆ ತುರುಕಿದರು, “ನುಂಗು ಕಂದ, ಇಳಿದುಹೋಗುತ್ತೆ.” ಹಣ್ಣು ಹಾಗೇ ಹೊರಗೆ ಬಂತು.

“ಆಸ್ಪತ್ರೆಗೆ ಹೋಗೋಣ ಅತ್ತೆ” ಎಂದಳು ಹೆಂಡತಿ.

“ಗಂಟಲಿಗೆ ಸಿಕ್ಕಿದ್ದಕ್ಕೆ ಈ ಬೀದಿಯೋರು ಯಾರಾದ್ರೂ ಆಸ್ಪತ್ರೆಗೆ ಹೋಗಿದ್ದುಂಟಾ? ನಿನ್ನ ಗಂಡ ಚಿಕ್ಕೋನಿದ್ದಾಗ ಗೋಲಿ ನುಂಗಿದ್ದ. ಗಂಟಲಜ್ಜ ತೆಗೀಲಿಲ್ವಾ? ಅವನು ಬದುಕಿಲ್ವಾ? ಏನೋ ಮಗನೇ, ಹೇಳು ಇವಳಿಗೆ.”

ಗಂಟಲಜ್ಜನ ಮನೆಗೇ ಹೋಗುವುದೆಂದಾಯಿತು. ಮಗ ಚಪ್ಪಲಿ ಮೆಟ್ಟಲೆಂದು ಅಂಗಡಿಗೆ ಬಂದ. ಬೆಳಿಗ್ಗೆ ರಿಮೋಟಿನಿಂದ ತೆಗೆದಿಟ್ಟಿದ್ದ, ನಾಣ್ಯದಂತೆ ಅಗಲವಾದ ಹಳೆಯ ಸೆಲ್ ಮೇಜಿನ ಅಂಚಿನಲ್ಲಿ ಇರಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದ, ಅಲ್ಲೂ ಇಲ್ಲ. ಮಗಳು ನುಂಗಿದ್ದು ಅದನ್ನೇ ಇರಬೇಕು ಎನಿಸಿತು. ಮಗುವಿನ ಕೈಗೆ ಎಟುಕುವಂತೆ ಇಟ್ಟವನು ತಾನೇ ಎಂದು ಹೇಳಿಕೊಳ್ಳಬೇಕಲ್ಲ ಎಂದು ನಾಲಿಗೆ ಏಳಲಿಲ್ಲ. ಗುಂಡಿಯೇ ಇರಬಹುದು, ಅಮ್ಮ ನೋಡಿದ್ದಾರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅಮ್ಮನ ಹಿಂದೆ ಹೊರಟ.

ಗಂಟಲಿಗೆ ಸಿಕ್ಕಿದ್ದನ್ನು ಹೀರಿ ತೆಗೆಯುತ್ತಾನೆಂದು ಊರು ನಂಬಿದ್ದ ಗಂಟಲಜ್ಜನ ಜಗಲಿಯಲ್ಲಿ ಜನ ಕಿಕ್ಕಿರಿದಿದ್ದರು. ಅಜ್ಜ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದ, “ಏನು ನುಂಗಿದ್ದು?”

“ಗುಂಡಿ, ಅಜ್ಜಾ. ಬಿಳೀದು” ಎಂದರು ತಾಯಿ.

ಅಜ್ಜ ಎಣ್ಣೆ ಹಚ್ಚಿ ತೀಡಿದ. ಕುತ್ತಿಗೆಗೆ ಬಾಯಿಟ್ಟು ಜೋರಾಗಿ ಹೀರಿದ. ಪಕ್ಕದ ಬಟ್ಟಲಿಗೆ ಉಗುಳಿದ. ಟಣ್ ಎಂದಿತು. ಬಿಳಿ ಗುಂಡಿ!

ಜಗಲಿಗೆ ಜಗಲಿಯೇ ಕೈಮುಗಿಯಿತು. ತಾಯಿಯ ಕಣ್ಣಲ್ಲಿ ನೀರು. ರಿಪೇರಿಯವನು ಗುಂಡಿಯನ್ನು ಎತ್ತಿಕೊಂಡು ನೋಡಿದ. ಹುಲ್ಲುಕಡ್ಡಿಗಿಂತ ಸಣ್ಣ ಚಕ್ರದ ಹಲ್ಲು ಮುರಿದದ್ದನ್ನು ಕಂಡುಹಿಡಿಯುವ ಕಣ್ಣು ಅದು. ಗುಂಡಿಯ ತೂತುಗಳಲ್ಲಿ ಬಾಳೆಹಣ್ಣಿನ ಒಂದು ಎಳೆಯೂ ಇರಲಿಲ್ಲ. ಮಗುವಿನ ಜೊಲ್ಲು ನಿಂತಿರಲಿಲ್ಲ. ಅಮ್ಮ ಗುಂಡಿ ಎಂದಿದ್ದಕ್ಕೆ ಗುಂಡಿ ಬಂತು. ಬೀಜ ಎಂದಿದ್ದರೆ ಬೀಜ ಬರುತ್ತಿತ್ತು. ಅವನಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು.

“ಏನ್ರೀ? ಯಾಕೆ ಹಾಗೆ ನೋಡ್ತೀರಿ?” ಎಂದಳು ಹೆಂಡತಿ.

“ಏನಿಲ್ಲ.”

“ನೋವು ನಾಳೆಗೆ ಇಳಿಯುತ್ತೆ. ಡಾಕ್ಟರ ಹತ್ರ ಮಾತ್ರ ಹೋಗಬೇಡಿ, ನನ್ನ ಕೈಗುಣ ಕೆಡುತ್ತೆ” ಎಂದ ಅಜ್ಜ.

ಓದುಗರೇ, ಅಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಅಷ್ಟು ಜನರೆದುರು ತಾಯಿಯ ಮಾತನ್ನು ಸುಳ್ಳು ಮಾಡುವುದು ಹೇಗೆ ಎಂದು ಯೋಚಿಸಿದನೇ ಹೊರತು ಮಗಳ ಬಾಯಿ ನೋಡಲಿಲ್ಲ. ಇದಕ್ಕೆ ನಾವು ವಿನಯ ಎಂಬ ಹೆಸರಿಟ್ಟಿದ್ದೇವೆ. ಹೇಡಿತನ ಎನ್ನುವುದೇ ಸರಿ.

ಮರುದಿನ ಬೆಳಿಗ್ಗೆ ಮಗುವಿನ ಜೊಲ್ಲಿನಲ್ಲಿ ಕಪ್ಪು ಗೆರೆ ಕಂಡಿತು. ಹೆಂಡತಿ ಯಾರನ್ನೂ ಕೇಳಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಆಸ್ಪತ್ರೆಗೆ ನಡೆದಳು. ಅವನು ಹಿಂದೆ ಓಡಿದ.

ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಡಾಕ್ಟರಮ್ಮ ಕೇಳಿದರು, “ಗುಂಡಿ ಅಂದ್ರಲ್ಲ? ನೋಡಿ, ಅಂಚಿನಲ್ಲಿ ಒಂದರೊಳಗೊಂದು ಎರಡು ಉಂಗುರದ ಹಾಗೆ ಕಾಣ್ತಿದೆ. ಇದು ಸೆಲ್. ಮನೇಲಿ ಇಂಥದ್ದು ಇತ್ತಾ?”

“ಇತ್ತು” ಎಂದ ಅವನು ನೆಲ ನೋಡುತ್ತಾ.

“ಯಾವಾಗ ನುಂಗಿದ್ದು?”

“ನಿನ್ನೆ... ಮಧ್ಯಾಹ್ನ.”

“ನಿನ್ನೆಯಿಂದ ಏನು ಮಾಡ್ತಿದ್ರಿ? ಅನ್ನನಾಳದಲ್ಲಿ ಸೆಲ್ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡೋಕೆ ಶುರುವಾಗುತ್ತೆ. ಹಳೇದಾದರೂ ಅಷ್ಟೇ. ಹಣ್ಣು ತುರುಕೋದು, ತೀಡೋದು, ಬೆರಳು ಹಾಕೋದು ಯಾವುದೂ ಕೂಡದು. ಸೀದಾ ಇಲ್ಲಿಗೆ ಬರಬೇಕು.”

ಹೆಂಡತಿ ಗಂಡನ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತಾ?”

ಅವನು ಹೌದೆಂದು ತಲೆಯಾಡಿಸಿದ. ಅವಳು ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ಕೂತಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮಗುವಿಗೆ ಅರಿವಳಿಕೆ ಕೊಟ್ಟು, ಕ್ಯಾಮೆರಾ ಇರುವ ಕೊಳವೆ ಇಳಿಸಿ, ಕರ್ರಗಾದ ಸೆಲ್ಲನ್ನು ಇಕ್ಕಳದಿಂದ ಹಿಡಿದು ತೆಗೆದರು. ತೆಗೆದದ್ದು ಬೇಗ, ಸುಟ್ಟದ್ದು ಮಾಯಲಿಲ್ಲ. ವಾರಗಟ್ಟಲೆ ಮೂಗಿನ ನಳಿಗೆಯಿಂದ ಊಟ. ಆಮೇಲೆ ಗಾಯದ ಕಲೆ ಬಿಗಿದು ದಾರಿ ಕಿರಿದಾಯಿತು. ಅದನ್ನು ಅಗಲಿಸಲು ಮತ್ತೆ ಮತ್ತೆ ಆಸ್ಪತ್ರೆ. ಮಗು ಗಂಜಿಯಂಥದ್ದನ್ನು ಬಿಟ್ಟರೆ ಬೇರೇನೂ ನುಂಗಲಾರದು. ದನಿಯ ನರಕ್ಕೂ ಪೆಟ್ಟಾಗಿ, ಗಂಟಲಿನಿಂದ ಗಾಳಿಯೇ ಹೆಚ್ಚು ಬರುತ್ತಿತ್ತು. ಪಟಾಕಿ ಎಂದು ಕರೆಯಲು ಮನೆಯವರಿಗೆ ಬಾಯಿ ಬರುತ್ತಿರಲಿಲ್ಲ.

ತಾಯಿ ಮಾತ್ರ ಪಟ್ಟು ಬಿಡಲಿಲ್ಲ. “ಅಜ್ಜನ ಕೈ ಸುಳ್ಳಾಗಲ್ಲ. ಎರಡನ್ನೂ ನುಂಗಿದ್ಲು, ಅವನು ಒಂದು ತೆಗೆದ. ಈ ಆಸ್ಪತ್ರೆ ಪುರಾಣ ಹೊರಗೆ ಹೇಳ್ಕೊಂಡು ತಿರುಗಬೇಡ. ಮನೆ ಮರ್ಯಾದೆ.” ಅವನು ಬೀದಿಯವರಿಗೆ ಮಗಳಿಗೆ ಜ್ವರ ಎಂದ. ಅವನಿಗೂ ಅದೇ ಬೇಕಿತ್ತು.

ಒಂದು ಬೆಳಿಗ್ಗೆ ಹಿಂದಿನ ಬೀದಿಯ ಹೆಂಗಸೊಬ್ಬಳು ಓಡಿಬಂದು ಅಂಗಡಿಯ ಕಿಟಕಿ ಬಡಿದಳು. ಕಂಕುಳಲ್ಲಿ ಕೂಸು, ಕೂಸಿನ ಬಾಯಿಂದ ಜೊಲ್ಲು.

“ಅಣ್ಣಾ, ಗಂಟಲಜ್ಜನ ಮನೆ ಯಾವ ಕಡೆ? ನಿಮ್ಮ ಮಗಳಿಗೆ ಚಿಟಿಕೆ ಹೊಡೆಯೋದರಲ್ಲಿ ತೆಗೆದ್ರಂತಲ್ಲ, ಬೀದಿಯೆಲ್ಲ ಹೇಳ್ತಿದೆ!”

ಅವನು ಚಿಮಟ ಕೆಳಗಿಟ್ಟ. ಅಜ್ಜನ ಜಗಲಿಗೆ ಜನ ಕಳಿಸುತ್ತಿದ್ದವನು ತಾನೇ, ಬಾಯಿ ಮುಚ್ಚಿಕೊಂಡೇ ಕಳಿಸುತ್ತಿದ್ದೇನೆ ಎಂದು ಅವನಿಗೆ ಅರಿವಾಯಿತು.

“ಬಾರಮ್ಮ, ನಾನೇ ಕರ್ಕೊಂಡು ಹೋಗ್ತೀನಿ” ಎಂದು ತಾಯಿ ಒಳಗಿನಿಂದ ಬಂದು ಚಪ್ಪಲಿ ಮೆಟ್ಟಿದರು.

“ಬೇಡ ಅಮ್ಮ.”

“ಏನಂದೆ?”

ಅವನು ಹೊರಬಂದು ಬಾಗಿಲಿಗೆ ಅಡ್ಡ ನಿಂತ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ, “ಅಜ್ಜ ಏನೂ ತೆಗೀಲಿಲ್ಲ ತಂಗಿ. ಆ ಗುಂಡಿ ಅವನ ಬಾಯಲ್ಲೇ ಇತ್ತು. ನನ್ನ ಮಗಳ ಗಂಟಲಲ್ಲಿದ್ದದ್ದು ನನ್ನ ಮೇಜಿನ ಸೆಲ್. ಆಸ್ಪತ್ರೇಲಿ ತೆಗೆದ್ರು. ಅಷ್ಟರಲ್ಲಿ ಒಳಗೆಲ್ಲ ಸುಟ್ಟುಹೋಗಿತ್ತು. ಅವಳಿಗೆ ಜ್ವರ ಅಂದಿದ್ದು ಸುಳ್ಳು.”

ಎದುರು ಮನೆಯವರು ಬಾಗಿಲಿಗೆ ಬಂದರು. “ಮಾನ ಹರಾಜು ಹಾಕ್ತಿದೀಯಲ್ಲೋ!” ಎಂದರು ತಾಯಿ.

“ಇಷ್ಟು ದಿನ ಅದನ್ನೇ ಕಾಯ್ದೆನಲ್ಲಮ್ಮ, ಮಗೂನ ಕಾಯ್ಲಿಲ್ಲ” ಎಂದ ಅವನು.

ಹೆಂಗಸು ಅವನನ್ನೇ ದಿಟ್ಟಿಸಿದಳು. ಅವಳ ಮುಖದಲ್ಲಿ ಉಪಕಾರ ಸ್ಮರಣೆಯೇನೂ ಇರಲಿಲ್ಲ.

“ಅಜ್ಜ ಮೋಸ ಮಾಡಿದ್ದು ನಿಮಗೆ ಅವತ್ತೇ ಗೊತ್ತಾಗಿತ್ತಾ?”

“ಗೊತ್ತಾಗಿತ್ತು.”

“ಗೊತ್ತಿದ್ದೂ ಸುಮ್ಮನಿದ್ರಾ?”

“ಹೌದಮ್ಮ, ಸುಮ್ಮನಿದ್ದೆ.”

ಅವಳು ಕೂಸನ್ನು ಎದೆಗೆ ಅವುಚಿಕೊಂಡು ಆಸ್ಪತ್ರೆಯ ಕಡೆ ಓಡಿದಳು.