ಬಿಸಿಲಿಗೆ ಸೊನ್ನೆ

ಕಂಪ್ಯೂಟರಿನಲ್ಲಿ ಇಪ್ಪತ್ತೈದು ಡಿಗ್ರಿ ಬಿಸಿ ಏರಿಸಿದರೂ ಸ್ಲ್ಯಾಬು ಮಿಸುಕಲಿಲ್ಲ. ತಿರುಮಲ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ನೋಡಿದ. ದಪ್ಪ ಮಾನಿಟರಿನ ಮೇಲೆ ಬೀಮುಗಳುದ್ದಕ್ಕೂ ಹಿಗ್ಗಿದ ಅಳತೆ ಒಂದೇ: ಸೊನ್ನೆ.

“ಮೇ ತಿಂಗಳ ಮದರಾಸು ಬಿಸಿಲಿಗೆ ಸೊನ್ನೆಯೇನಮ್ಮಾ?” ಎಂದು ಪಕ್ಕದ ಕುರ್ಚಿಯಲ್ಲಿದ್ದ ಶ್ರೀಪ್ರಿಯಾಳನ್ನು ಕೇಳಿದ. ಸಾಫ್ಟ್‌ವೇರ್ ಓಡಿಸುವ ಇಂಜಿನಿಯರು ಅವಳೇ.

“ಹಂಗೇ ಬರ್ತಿದೆ ಸಾರ್. ನನಗೂ ಪುರಿಯಲ್ಲ, ಅರ್ಥ ಆಗ್ತಿಲ್ಲ.”

ಶೋಳಿಂಗನಲ್ಲೂರಿನಲ್ಲಿ ಏಳಲಿದ್ದ ಆ ಆಫೀಸು ಕಟ್ಟಡದ ಉದ್ದ ಎಂಬತ್ತನಾಲ್ಕು ಮೀಟರ್. ಇಷ್ಟುದ್ದದ್ದು ಬಂದರೆ ತಿರುಮಲ ನಡುವೆ ಎರಡಾಗಿ ಸೀಳಿ, ಬೆರಳಗಲ ಸಂದು ಬಿಟ್ಟೇ ನಕ್ಷೆ ಮಾಡಿಸುತ್ತಿದ್ದ. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಇಪ್ಪತ್ತು ವರ್ಷ ಇದನ್ನು ಯಾರೂ ಪ್ರಶ್ನಿಸಿರಲಿಲ್ಲ. ಈ ಸಲ ಮಾತ್ರ ಆರ್ಕಿಟೆಕ್ಟು ತನ್ನ ಅಮೃತಶಿಲೆಯ ಹಜಾರಕ್ಕೆ ಅಡ್ಡಲಾಗಿ ಸಂದು ಬೇಡವೆಂದಿದ್ದ. ಬೇಕೋ ಬೇಡವೋ ಕಂಪ್ಯೂಟರೇ ಹೇಳಲಿ ಎಂದು ತಮ್ಮ ಆಫೀಸಿನ ಯಜಮಾನ, ಧಾರವಾಡದ ಕಡೆಯ ಪ್ರಭುದೇವ, ತೀರ್ಮಾನ ಕೊಟ್ಟಿದ್ದ. ಮೂರು ಗಂಟೆಗೆ ನಕ್ಷೆ ಹೋಗಬೇಕು. ‘ಪರಿಶೀಲಿಸಿದವರು’ ಎಂಬಲ್ಲಿ ತಿರುಮಲನ ಸಹಿ ಬೀಳಬೇಕು.

ಇನ್ನೂ ಒಂಬತ್ತೂ ಆಗಿರಲಿಲ್ಲ. ಕಾಫಿ ಲೋಟ ಹಿಡಿದು ಅವನು ತಾರಸಿಗೆ ಹೋದ. ಪೋರೂರಿನ ಹಳೆಯ ಮನೆಯೊಂದರ ಮಹಡಿಯೇ ಆಫೀಸು. ತಾರಸಿಯ ಅಡ್ಡಕ್ಕೊಂದು ಬಿರುಕು. ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಬಸ್ ಟಿಕೆಟನ್ನು ಮಡಚಿ, ಏನೋ ಯೋಚಿಸುತ್ತ, ಅದರೊಳಗೆ ತೂರಿಸಿದ. ಸಲೀಸಾಗಿ ಇಳಿಯಿತು. ಅಲ್ಲೇ ಮರೆತು ಬಂದ.

“ಸಾರ್, ಇಲ್ಲಿ ಪಾರುಂಗೋ, ನೋಡಿ,” ಎಂದಳು ಶ್ರೀಪ್ರಿಯಾ. “ಡಯಾಫ್ರಮ್ ಅಂತ ಒಂದು ಟಿಕ್ ಇದೆ. ನೆಲ ಪೂರಾ ಒಂದೇ ಹಲಗೆ, ಹಿಗ್ಗಲ್ಲ, ಕುಗ್ಗಲ್ಲ ಅಂತ ನಾವೇ ಹೇಳಿಟ್ಟಿದೀವಿ.”

“ಅದು ಭೂಕಂಪದ ಲೆಕ್ಕಕ್ಕೆ ಹಾಕಿದ್ದಲ್ವಾ?”

“ಹಂಗೇ ಉಳ್ಕೊಂಡ್ಬಿಟ್ಟಿದೆ.”

“ಹಿಗ್ಗಬೇಡ ಅಂತ ಬಾಯಿ ಕಟ್ಟಿ, ಆಮೇಲೆ ಹಿಗ್ಗಿದ್ಯಾ ಅಂತ ಕೇಳ್ದಂಗಾಯ್ತು!”

ಟಿಕ್ ತೆಗೆದು ಮತ್ತೆ ಓಡಿಸಿದಳು. ಈಗ ಎರಡೂ ತುದಿಯ ಕಂಬಗಳೆಲ್ಲ ಕೆಂಪು, ಅಂದರೆ ಫೇಲು. ಅವು ತಾಳಲು ಬೇಕಾದಷ್ಟು ಕಬ್ಬಿಣ ಹಾಕಿದರೆ ಕಾಂಕ್ರೀಟಿಗೇ ಜಾಗವಿಲ್ಲ.

“ಇದೂ ಪೂರಾ ನಿಜ ಅಲ್ಲ ಸಾರ್. ಕಾಂಕ್ರೀಟ್ ಅಲ್ಲಲ್ಲಿ ಸಣ್ಣಗೆ ಬಿರಿದು ಸಡಿಲ ಆಗತ್ತೆ.”

“ಮತ್ತೆ ಯಾವುದಮ್ಮಾ ನಿಜ?”

“ಎರಡಕ್ಕೂ ನಡುವೆ ಎಲ್ಲೋ.”

ಒಂದೇ ರೋಗಿಗೆ ಇಬ್ಬರು ಡಾಕ್ಟರು: ಒಬ್ಬ ಏನೂ ಇಲ್ಲ ಹೋಗು ಎನ್ನುತ್ತಾನೆ, ಇನ್ನೊಬ್ಬ ಇವತ್ತೇ ಆಪರೇಶನ್ ಎನ್ನುತ್ತಾನೆ. ತಿರುಮಲ ಡಿಗ್ರಿ ಇಳಿಸಿ ನೋಡಿದ, ಏರಿಸಿ ನೋಡಿದ. ತಲೆ ಇನ್ನಷ್ಟು ಕೆಟ್ಟಿತು.

ಮಧ್ಯಾಹ್ನ ಎರಡು ಗಂಟೆಗೆ ಪ್ರಭುದೇವನ ಫೋನು.

“ಏನ್ರೀ ತಿರುಮಲ, ಮುಂಜಾನಿ ಸೊನ್ನೆ ಬಂದಿತ್ತಂತಲ್ಲ? ಅದನ್ನ ಹಚ್ಚಿ ಸಹಿ ಮಾಡಿ ಕಳಸ್ರಿ.”

“ಅದು ತಪ್ಪು ಸೊನ್ನೆ ಸಾರ್. ಟಿಕ್ ತೆಗೆದ್ರೆ ಕಂಬ ಎಲ್ಲಾ ಫೇಲು.”

“ಹಂಗಾರ ತೆಗೀಬ್ಯಾಡ್ರಿ! ಕಂಪ್ಯೂಟರಿಗಿಂತ ಶ್ಯಾಣ್ಯಾರೇನು ನೀವು? ಸಹಿ ಮಾಡ್ತೀರೋ, ಆ ಕುರ್ಚಿಗೆ ಬ್ಯಾರೆಯವರನ್ನ ಕೂಡಿಸ್ಲೋ?”

ರಿಸೀವರ್ ಇಟ್ಟು ತಿರುಮಲ ಪೆನ್ನು ತೆಗೆದುಕೊಂಡ. ಮುಚ್ಚಳ ತೆಗೆದ. ಮುಚ್ಚಿದ. ಪೆನ್ನನ್ನು ನಕ್ಷೆಯ ಮೇಲೆಯೇ ಬಿಟ್ಟು ಎದ್ದು ಮೆಟ್ಟಿಲು ಹತ್ತಿದ. ಶ್ರೀಪ್ರಿಯಾ ಗಾಬರಿಯಾಗಿ ಹಿಂದೆಯೇ ಬಂದಳು.

ತಾರಸಿ ಕಾದ ಕಾವಲಿಯಾಗಿತ್ತು. ಚಪ್ಪಲಿಯೊಳಗೂ ಅಂಗಾಲು ಚುರುಗುಟ್ಟಿತು. ಬೆಳಿಗ್ಗೆ ಕಂಡ ಬಿರುಕನ್ನು ಈಗ ಹುಡುಕಬೇಕಾಯಿತು. ಕೂದಲೆಳೆಯಂಥ ಗೆರೆ, ಅದರಿಂದ ಹೊರಗೆ ಚಾಚಿದ್ದ ಟಿಕೆಟಿನ ತುದಿ. ತಿರುಮಲ ಕುಕ್ಕುರುಗಾಲಲ್ಲಿ ಕೂತು ಎಳೆದ. ಬರಲಿಲ್ಲ.

“ನೀನು ಎಳೆ ನೋಡೋಣ.”

ಅವಳು ಎರಡು ಬೆರಳಲ್ಲಿ ಹಿಡಿದು ಜಗ್ಗಿದಳು. ಟಿಕೆಟು ಹರಿದು ಅರ್ಧ ಕೈಗೆ ಬಂತು. ಬಿಸಿಲಿಗೆ ಹಿಗ್ಗಿದ ತಾರಸಿ ಉಳಿದರ್ಧವನ್ನು ಕಚ್ಚಿ ಹಿಡಿದಿತ್ತು.

“ಈಗ ಎಷ್ಟು ಡಿಗ್ರಿ ಹಾಕ್ಲಿ ಸಾರ್?”

“ಗೊತ್ತಿಲ್ಲಮ್ಮಾ.”

ಕೆಳಗೆ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ತಿರುಮಲ ಹರಿದ ತುಂಡನ್ನು ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡು, ನೀರಿನ ಟ್ಯಾಂಕಿನ ನೆರಳಿಗೆ ಸರಿದು, ಸಂಜೆಯ ತಂಪಿಗೆ ಉಳಿದರ್ಧ ಸಡಿಲವಾಗಲೆಂದು ಕಾಯುವವನಂತೆ ಕೂತ.