ಗಿಡ್ಡಮ್ಮ ಕೇಳಿದ ಮಣ್ಣು

ಕಳಸದ ಬಸ್ ಸ್ಟ್ಯಾಂಡಿನ ಹಿಂದೆ ಜೀಪ್ ರಿಪೇರಿ ಮಾಡುತ್ತಿದ್ದ ಮೊಹಿದ್ದೀನನ ಶೆಡ್ಡಿನಲ್ಲಿ ರೇಡಿಯೊ ಸದಾ ಒದರುತ್ತಿತ್ತು. ಎಪ್ಪತ್ತಾರರ ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಅದು, ಲೂನಾ ಇಪ್ಪತ್ತನಾಲ್ಕು ಎಂಬ ರಷ್ಯಾದ ಯಂತ್ರ ಚಂದ್ರನಲ್ಲಿ ಎರಡು ಮೀಟರ್ ಆಳ ಕೊರೆದು ಮಣ್ಣು ತಂದಿದೆ, ಆ ಯಂತ್ರದಲ್ಲಿ ಮನುಷ್ಯರು ಯಾರೂ ಇರಲಿಲ್ಲ ಎಂದು ಹೇಳಿತು.

ಬಾಗಿಲಲ್ಲಿ ನಿಂತಿದ್ದ ಗಿಡ್ಡಮ್ಮ ಕೇಳಿಸಿಕೊಂಡಳು. ಹಿಂದಿನ ತಿಂಗಳು ಎಸ್ಟೇಟಿನ ಗುಡ್ಡ ಜರಿದಾಗ ಅವಳ ಗಂಡ ಬೊಮ್ಮಯ್ಯ ಕೆಳಗೆ ಚರಂಡಿ ಬಿಡಿಸುತ್ತಿದ್ದ. ಹತ್ತು ದಿನ ಅಗೆದರೂ ಹೆಣ ಸಿಗಲಿಲ್ಲ. ಮಣ್ಣು ಇನ್ನೂ ಜಾರುತ್ತಿದೆ, ಯಾರೂ ಕಾಲಿಡಬಾರದೆಂದು ಎಸ್ಟೇಟಿನ ಲೆಕ್ಕ ನೋಡುವ ರೈಟರು ಬೇಲಿ ಹಾಕಿಸಿದ್ದರು.

"ಯಾರೂ ಹೋಗ್ದೆ ಮಣ್ಣು ಹ್ಯಾಗೆ ತಂತು ಸಾಬ್ರೇ?"

"ಕೊಳವೆ ಇಳಿಸಿ. ಮಣ್ಣು ಅದರೊಳಗೆ ಕೂತ್ಕೊಳ್ತದೆ, ಯಂತ್ರ ಮೇಲೆ ಎಳ್ಕೊಳ್ತದೆ."

"ನಂಗೂ ಹಂಗೇ ಒಂದು ಮಾಡ್ಕೊಡಿ. ಅವ್ರು ಮಲಗಿರೋ ಕಡೆಯ ಒಂದು ಹಿಡಿ ಸಾಕು. ಬರಿಗೈಲಿ ಏನಂತ ಕಾರ್ಯ ಮಾಡ್ಲಿ?"

ಬೊಮ್ಮಯ್ಯ ದಿನವೂ ಮೊಹಿದ್ದೀನನ ಜೊತೆ ಚಹಾ ಕುಡಿದವನು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಎಂಟಡಿ ಕಬ್ಬಿಣದ ಕೊಳವೆಯನ್ನು ಮಣ್ಣು ಬಿಡಿಸಿ ತೆಗೆಯಲು ಬರುವಂತೆ ಉದ್ದಕ್ಕೆ ಸೀಳಿ, ಎರಡು ಹೋಳು ಜೋಡಿಸಿ ಪಟ್ಟಿ ಬಿಗಿದು, ತುದಿ ಹರಿತ ಮಾಡಿದ. ಗಿಡ್ಡಮ್ಮ ಪಕ್ಕದಲ್ಲೇ ಕೂತಿದ್ದಳು.

"ಅಲ್ಲಿ ಕೇಳೋಕೆ ಯಾರೂ ಇರಲಿಲ್ವಾ, ಮಣ್ಣು ತಗೊಳ್ಳಲಾ ಅಂತ?"

"ಚಂದ್ರನಲ್ಲಿ ಯಾರಿರ್ತಾರೆ ಮಾರಾಯ್ತಿ!"

ಮಳೆ ನಿಂತು ಹೊಳವಾದ ಒಂದು ಮಧ್ಯಾಹ್ನ ಇಬ್ಬರೂ ಹೋದರು. ಜರಿದ ಜಾಗದ ಅಂಚಿನ ಬಂಡೆಯಿಂದ ಸಿಲ್ವರ್ ಓಕ್ ಕಂಬ ಚಾಚಿ, ರಾಟೆಗೆ ಹಗ್ಗ ಹಾಕಿ, ಕೊಳವೆಯನ್ನು ಎತ್ತಿ ಎತ್ತಿ ಬಿಟ್ಟರು. ಮೊದಲ ಸಲ ಬಂದದ್ದು ಕಾಫಿ ಬೇರು, ನೀರಿಳಿಯುವ ಕೆಂಪು ಕೆಸರು. ಅದೇ ತೂತಿಗೆ ಮತ್ತೆ ಇಳಿಸಿದರು. ಪಟ್ಟಿ ಬಿಚ್ಚಿದಾಗ ಮೇಲೆಲ್ಲ ಕೆಸರು. ತುದಿಯ ಗೇಣುದ್ದ ಮಾತ್ರ ಒಣ ಮಣ್ಣು. ಬೆಂಕಿಪೊಟ್ಟಣವೂ ತೇವ ಹಿಡಿಯುವ ಆ ಮಳೆಗಾಲದಲ್ಲಿ ಅದು ಹಿಟ್ಟಿನಂತೆ ಉದುರಿತು.

"ಬೆಚ್ಚಗಿದೆ," ಎಂದಳು ಗಿಡ್ಡಮ್ಮ.

ಮೊಹಿದ್ದೀನನೂ ಮುಟ್ಟಿದ. ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗಿತ್ತು. "ಸಾಕು, ನಡಿ."

"ಹಿಡಿಯೂ ತುಂಬಲಿಲ್ಲ. ಇನ್ನೊಂದೇ ಸಲ."

ಮೂರನೆಯ ಸಲ ಕೊಳವೆ ಸದ್ದೇ ಮಾಡದೆ ಇಳಿಯಿತು. ಎಂಟಡಿ ಮುಳುಗಿ, ಹಗ್ಗವೂ ತೂತಿನೊಳಗೆ ಸರಸರ ಓಡಿ, ನಿಂತಿತು. ಎಳೆದರೆ ಬರಲಿಲ್ಲ. ಆಮೇಲೆ ಕೆಳಗಿನಿಂದ ಹಗ್ಗ ಜಗ್ಗಿತು. ಜೋರಾಗಿ ಅಲ್ಲ, ಸೆರಗು ಹಿಡಿದು ಕರೆಯುವಂತೆ ಎರಡು ಸಲ. ತಡೆದು, ಮತ್ತೆ ಎರಡು ಸಲ.

ಮೊಹಿದ್ದೀನ್ ಒಂದು ಹೆಜ್ಜೆ ಹಿಂದೆ ಸರಿದ. ಗಿಡ್ಡಮ್ಮ ಅವನ ಕೈಯಿಂದ ಹಗ್ಗ ತೆಗೆದುಕೊಂಡು ತೂತಿನ ಕಡೆ ಬಾಗಿದಳು.

"ನಿಮ್ಮನ್ನ ಮನೆಗೆ ಕರಿಯೋಕೆ ಬಂದಿಲ್ಲ ನಾನು. ಮಣ್ಣಿಗೆ ಬಂದೆ. ಬಿಡಿ."

ಹಗ್ಗ ಸಡಿಲವಾಯಿತು. ಎಳೆದಾಗ ಬರೀ ಹಗ್ಗ ಬಂತು. ಹರಿದಿರಲಿಲ್ಲ, ಮೊಹಿದ್ದೀನ್ ಮೊಣಕಾಲು ಕೊಟ್ಟು ಬಿಗಿದಿದ್ದ ಗಂಟನ್ನು ಯಾರೋ ನಿಧಾನವಾಗಿ ಬಿಚ್ಚಿದ್ದರು.

ಆ ಒಂದಿಷ್ಟು ಒಣ ಮಣ್ಣನ್ನೇ ಗಿಡ್ಡಮ್ಮ ಭದ್ರೆಗೆ ಬಿಟ್ಟು, ಮೂರು ಮುಳುಗು ಹಾಕಿ ಎದ್ದಳು. ಮಾರನೆಯ ದಿನ ಕೆಲಸಕ್ಕೆ ಹೋದಳು. ಮೊಹಿದ್ದೀನ್ ಮಾತ್ರ ಕೆಟ್ಟ ಜೀಪುಗಳನ್ನು ಎಳೆತರಲು ಕಬ್ಬಿಣದ ಸರಪಳಿ ಕೊಂಡ. ಹಗ್ಗವನ್ನು ಮತ್ತೆ ಮುಟ್ಟಲಿಲ್ಲ.