ಕಡೇ ಗಂಟು ಕಟ್ಟುವವರು

“ಏ ಗಂಗೆ, ಏಳೆ ಆ ಕುರ್ಚಿ ಬಿಟ್ಟು! ಕೊಂಬು ಬಂದಿದ್ಯ ನಿಂಗೆ? ಅದು ಮೆಂಬರ್‌ಗಳದ್ದು. ಹೋಗು, ಚಾ ಕೊಡು.”

ವಿಜೇತಾ ಮೇಡಂ ಬೈದದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಕಾರವಾರದ ದೊಡ್ಡ ಹೋಟೆಲು, ಒಂದೇ ಬಣ್ಣದ ಸೀರೆ ಉಟ್ಟ ಪ್ರಕಾಶಕಿಯರು. ನಾನು ಎದ್ದೆ. ಏಳದೆ ಏನು ಮಾಡಲಿ? ಅಂಕೋಲೆಯ ನೀತಾ ಬಾಯಿಯ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವವಳು ನಾನು. ಆ ಪ್ರೆಸ್ಸು ಬಿಟ್ಟರೆ ನನಗೂ ಗತಿಯಿಲ್ಲ, ನನಗೆ ಸೂಜಿ ಹಿಡಿಯಲು ಕಲಿಸಿದ, ಹಾರವಾಡದ ಮೀನುಗಾರರ ಕೇರಿಯ ಗೋದಾವರಕ್ಕನಿಗೂ ಗತಿಯಿಲ್ಲ.

ಪುಸ್ತಕ ಮಾಡುವ ಹೆಂಗಸರ ಈ ಬಳಗ ಹುಟ್ಟಿದ್ದು ಹೋಟೆಲಿನಲ್ಲಲ್ಲ, ನೀತಾ ಬಾಯಿಯ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಚಾಪೆಯ ಮೇಲೆ. ಬರೆಯುವವಳು, ಅಚ್ಚಿನ ಮೊಳೆ ಜೋಡಿಸುವವಳು, ಹೊಲಿಯುವವಳು, ಚೀಲ ಹೊತ್ತು ಪುಸ್ತಕ ಮಾರುವವಳು, ಎಲ್ಲರೂ ಒಂದೇ ತಟ್ಟೆಯ ಅವಲಕ್ಕಿಗೆ ಕೈ ಹಾಕುತ್ತಿದ್ದರು. ಹೊಸ ಪುಸ್ತಕದ ಮೊದಲ ಪ್ರತಿಗೆ ಕಡೇ ಗಂಟು ಹಾಕದೆ ಬಿಡುತ್ತಿದ್ದರು. ಹೊಲಿದವಳೇ ಎಲ್ಲರ ಮುಂದೆ ಕೂತು ಅದನ್ನು ಕಟ್ಟಬೇಕು. ಅದೇ ಬಿಡುಗಡೆ.

ಆಮೇಲೆ ಫೋನಿನಲ್ಲಿ ಗ್ರೂಪ್ ಬಂತು, ಕೊರಳಿಗೆ ಹೆಸರಿನ ಬಿಲ್ಲೆ ಬಂತು, ಸಭೆ ಕಾರವಾರಕ್ಕೆ ಹೋಯಿತು. ವಿಜೇತಾ ಮೇಡಂ ಅಧ್ಯಕ್ಷೆಯಾದ ಮೇಲಂತೂ ಹೊಲಿಯುವವರು ವೃತ್ತಿಪರರಲ್ಲ, ಬರೀ ಕೂಲಿಯವರು ಎಂದು ಠರಾವೇ ಆಯಿತು. ನೀತಾ ಬಾಯಿಯೂ ಅದಕ್ಕೆ ಸಹಿ ಹಾಕಿದರು. ಅವರ ಪ್ರೆಸ್ಸಿಗೆ ಕೆಲಸ ಬರುವುದೂ ಈ ಹೆಂಗಸರಿಂದಲೇ.

ಇವತ್ತು ಬಳಗದ ಚರಿತ್ರೆಯ ಪುಸ್ತಕದ ಬಿಡುಗಡೆ. ಮೊದಲ ಪ್ರತಿ ಹೊಲಿದ ಗೋದಾವರಕ್ಕ ಹೊಸ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಬಂದಿದ್ದಳು. “ಬಳಗದ್ದೇ ಪುಸ್ತ್ಕ ಅಲ್ವೇನೆ? ಗಂಟು ಹಾಕೂಕೆ ನನ್ನ ಕರೀದೆ ಇರ್ತ್ರಾ?” ಎಂದು ಬಸ್ಸಿನಲ್ಲಿ ನನ್ನನ್ನೇ ಕೇಳಿದ್ದಳು. ಬಾಗಿಲಲ್ಲೇ ಅವಳ ಕೈಯಿಂದ ಪುಸ್ತಕ ಇಸಿದುಕೊಂಡು ಬಣ್ಣದ ಕಾಗದ ಸುತ್ತಿದರು.

ವಿಜೇತಾ ಮೇಡಂ ಕಾಗದ ಬಿಚ್ಚಿ, ಫೋಟೋಕ್ಕೆಂದು ಪುಸ್ತಕ ಎತ್ತಿ ಹಿಡಿದರು. ಗಂಟಿಲ್ಲದೆ ಕೆಲವು ಹಾಳೆಗಳು ಜಾರಿ ಕಾಲಬುಡಕ್ಕೆ ಬಿದ್ದವು.

“ಥೂ! ಮೀನು ಮುಟ್ಟೂ ಕೈಗೆ ಪುಸ್ತಕ ಕೊಟ್ರೆ ಮತ್ತೆಂತ ಆಗ್ತದೆ?”

ಸಭೆ ನಕ್ಕಿತು. ಗೋದಾವರಕ್ಕ ಹಾಳೆ ಆಯುತ್ತಾ ಹೇಳಿದಳು: “ತಪ್ಪಲ್ಲ ಮೇಡಂ, ನಮ್ಮ ಪದ್ಧತಿ. ಗಂಟು ಇಲ್ಲೇ ಕಟ್ಟೂದು.”

ನೀತಾ ಬಾಯಿ ಓಡಿಬಂದು ಅವಳ ರಟ್ಟೆ ಹಿಡಿದರು. “ಮಾನ ಕಳೀಬೇಡ ಗೋದಾವರಿ. ಹೊರಗೆ ಕೂತು ಕಟ್ಕಂಡು ಬಾ. ಇಲ್ದಿದ್ರೆ ನಾಳಿಂದ ಪ್ರೆಸ್ಸಿಗೆ ಬರೂದು ಬೇಡ. ಗಂಗೆ, ನಿಂಗೂ ಹೇಳ್ದೆ.”

ಹೊರಗೆ ಹೋದೆವು. ಎಂಜಲು ತಟ್ಟೆ ಪೇರಿಸಿಟ್ಟ ಮೂಲೆಯಲ್ಲಿ ಕೂತೆವು. ನಾನು ಸೂಜಿಗೆ ದಾರ ಪೋಣಿಸಿದೆ. ಹಾಳೆ ಸರಿಮಾಡುತ್ತಿದ್ದ ಗೋದಾವರಕ್ಕ ಒಂದು ಚಿತ್ರ ಕಂಡು ಕೈ ತಡೆದಳು. ಹೊಲಿಯುವಾಗ ಕಾಣುವುದು ಮಡಿಕೆಯ ನಡುಪುಟ ಮಾತ್ರ. ಇದನ್ನು ಅವಳು ನೋಡಿಯೇ ಇರಲಿಲ್ಲ. ಅದೇ ಚಾಪೆಯ ಕೋಣೆಯ ಹಳೇ ಫೋಟೋ. ಚಿತ್ರ ನೀತಾ ಬಾಯಿಯ ಹೆಗಲಿಗೆ ಮುಗಿದಿತ್ತು. ಹೆಗಲ ಮೇಲೆ ಹಸಿರು ಬಳೆಯ ಒಂದು ಕೈ ಮಾತ್ರ ಉಳಿದಿತ್ತು.

“ಗಂಗೆ, ಇದು ನನ್ನ ಕೈ.”

“ಹೌದೆ ಅಕ್ಕಾ.”

“ನಾನೆಲ್ಲಿ ಹೋದ್ನೆ?”

ನನಗೆ ಅಳುವೂ ಬಂತು, ಸಿಟ್ಟೂ ಬಂತು. “ಕತ್ತರ್ಸಿ ಬಿಸಾಕಿದ್ರು, ರಂಡೇರು!”

ಅವಳು ಸೂಜಿ ತೆಗೆದುಕೊಳ್ಳಲಿಲ್ಲ. ಎದ್ದು ಸೀದಾ ವೇದಿಕೆ ಹತ್ತಿದಳು. ನಾನೂ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹಿಂದೆಯೇ ಹೋದೆ. ಪುಸ್ತಕವನ್ನು ಮೇಡಂ ಮುಂದಿಟ್ಟು, ಅದರ ಬೆನ್ನಿನ ದಾರವನ್ನು ಪೂರಾ ಎಳೆದು ತೆಗೆದಳು. ಆ ಚಿತ್ರದ ಹಾಳೆಯನ್ನಷ್ಟೇ ಎತ್ತಿಕೊಂಡಳು.

“ಈ ಕೈ ನಂದು, ತಕಂಡು ಹೋಗ್ತೆ. ಉಳಿದಿದ್ದು ನೀವೇ ಕಟ್ಕಣಿ.”

ಇಳಿದು ಬಾಗಿಲು ದಾಟಿಯೇ ಬಿಟ್ಟಳು. ಯಾರೋ ಮೈಕು ಆರಿಸಿದರು.

“ಗಂಗೆ, ನೀನಾದ್ರೂ ಬುದ್ಧಿ ಕಲಿ,” ನೀತಾ ಬಾಯಿ ಕೈ ಚಾಚಿದರು. “ಸೂಜಿ ಕೊಡು ಇಲ್ಲಿ, ನಾನೇ ಕಟ್ತೆ.”

ಮನೆಯಲ್ಲಿ ಒಲೆ ಹೊತ್ತುವುದು ಆ ಸೂಜಿಯಿಂದಲೇ. ಅದು ನನ್ನ ಸೆರಗಿನಲ್ಲೇ ಇತ್ತು, ಅವರಿಗೂ ಕಾಣುತ್ತಿತ್ತು. ನಾನು ಅದರ ಮೇಲೆ ಅಂಗೈ ಮುಚ್ಚಿದೆ.

“ಕೊಡೂದಿಲ್ಲ,” ಅಂದೆ.